ನಾಲ್ಕು ಮಂದಿ ಏನೆಂದಾರು?



ಯಾವ ಗುಡಿಯಲ್ಲೂ ಪೀಠವಿಲ್ಲದ, ಯಾವ ಪಂಚಾಂಗದಲ್ಲೂ ಹಬ್ಬವಿಲ್ಲದ, ಆದರೆ ನಮ್ಮ ಮನೆಮನೆಯಲ್ಲೂ ನಿತ್ಯ ಪೂಜೆ ಪಡೆಯುವ ವಿಗ್ರಹವೊಂದಿದೆ. ಅದರ ಹೆಸರು ‘ನಾಲ್ಕು ಮಂದಿ’. ಮಗಳ ಮದುವೆ ಗೊತ್ತುಮಾಡುವಾಗ, ಮಗುವಿನ ದೀಕ್ಷಾಸ್ನಾನದ ಊಟಕ್ಕೆ ಎಷ್ಟು ಜನರನ್ನು ಕರೆಯಬೇಕೆಂದು ಲೆಕ್ಕ ಹಾಕುವಾಗ, ಮನೆಗೆ ಎರಡನೆಯ ಅಂತಸ್ತು ಏರಿಸುವಾಗ, ಸತ್ತವರ ತಿಂಗಳ ಪೂಜೆಗೆ ಅಡುಗೆ ಮಾಡಿಸುವಾಗ ಮೊದಲು ಕೇಳಿಬರುವ ಪ್ರಶ್ನೆ ‘ಪ್ರಭುವಿನ ಚಿತ್ತವೇನು?’ ಎಂಬುದಲ್ಲ, ‘ನಾಕ ಮಂದಿ ಏನ ಅಂದಾರು?’ ಎಂಬುದು. ಈ ನಾಲ್ವರ ಹೆಸರನ್ನು ಯಾರೂ ಹೇಳಲಾರರು. ಅವರು ನಮ್ಮ ಸಾಲಪತ್ರಕ್ಕೆ ಜಾಮೀನು ನಿಂತವರಲ್ಲ, ನಮ್ಮ ಜ್ವರಕ್ಕೆ ಗಂಜಿ ತಂದವರಲ್ಲ. ಆದರೂ ನಮ್ಮ ದುಡಿಮೆಯ ಹಣ, ನಮ್ಮ ಮಕ್ಕಳ ಬಾಳು, ಕೆಲವೊಮ್ಮೆ ನಮ್ಮ ಆತ್ಮಸಾಕ್ಷಿಯೂ ಅವರ ಪಾದಕ್ಕೆ ನೈವೇದ್ಯವಾಗುತ್ತದೆ. ದೇವರಲ್ಲದೆ ಅನ್ಯ ದೇವರುಗಳು ನಿನಗಿರಬಾರದೆಂಬ ಮೊದಲನೆಯ ಆಜ್ಞೆಯನ್ನು ಕಂಠಪಾಠ ಮಾಡಿದ ಕ್ರೈಸ್ತ ಕುಟುಂಬಗಳ ಮಾತು ಇದು ಎಂಬುದೇ ಖೇದದ ಸಂಗತಿ.

ಧರ್ಮೋಪದೇಶದಲ್ಲಿ ನಾವು ಎರಡು ವಿಷಯಗಳನ್ನು ಬೇರೆಬೇರೆಯಾಗಿ ಬೋಧಿಸುವ ವಾಡಿಕೆಯಿದೆ. ತಪಸ್ಸುಕಾಲದಲ್ಲಿ ಹಿರಿಯರಿಗೆ ಕಪಟದ ವಿರುದ್ಧ ಪ್ರಬೋಧನೆ. ರಜಾದಿನಗಳ ಶಿಬಿರದಲ್ಲಿ ಯುವಜನರಿಗೆ ಸಂಗಡಿಗರ ಒತ್ತಡದ ವಿರುದ್ಧ ಬುದ್ಧಿವಾದ. ಕಪಟವು ಫರಿಸಾಯರ ದೋಷ, ಒತ್ತಡವು ಹದಿಹರೆಯದವರ ಸಂಕಟ ಎಂದು ವಿಂಗಡಿಸಿ ನಾವೆಲ್ಲ ನೆಮ್ಮದಿಯಿಂದಿದ್ದೇವೆ. ಈ ವಿಂಗಡಣೆಯೇ ತಪ್ಪು ಎಂಬುದು ನನ್ನ ವಾದ. ಇವು ಒಂದೇ ರೋಗದ ಎರಡು ಲಕ್ಷಣಗಳು. ಇತರರ ಕಣ್ಣಿಗೆ ಬೀಳಲೆಂದು ಒಳ್ಳೆಯದನ್ನು ಮಾಡುವುದು ಕಪಟ. ಇತರರ ಕಣ್ಣಿಗೆ ಬೇರೆಯಾಗಿ ಕಾಣಬಾರದೆಂದು ಕೆಟ್ಟದ್ದನ್ನು ಮಾಡುವುದು ಒತ್ತಡಕ್ಕೆ ಶರಣಾಗುವುದು. ಎರಡರಲ್ಲೂ ನಮ್ಮ ಬದುಕಿಗೆ ನ್ಯಾಯಾಧೀಶರು ಆ ನಾಲ್ಕು ಮಂದಿಯೇ. ಗುಟ್ಟಿನಲ್ಲಿ ನೋಡುವ ತಂದೆಗೆ ಎರಡರಲ್ಲೂ ಸ್ಥಾನವಿಲ್ಲ.

ಬಣ್ಣ ಬಳಿದ ಕೊಂಬು

ಅಮೀನಗಡದ ದನಕುರಿಗಳ ಸಂತೆಗೆ ಹೋದವರಿಗೆ ಈ ಮಾತು ಬಲುಬೇಗ ಅರ್ಥವಾದೀತು. ಮಾರಲು ತಂದ ಎತ್ತಿನ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕೋಡಣಸು ತೊಡಿಸಿ, ಕೊರಳಿಗೆ ಗೊಂಡೆ ಕಟ್ಟಿ ನಿಲ್ಲಿಸಿರುತ್ತಾರೆ. ಆದರೆ ಕೊಳ್ಳಲು ಬಂದ ರೈತ ಬಣ್ಣವನ್ನು ನೋಡುವುದಿಲ್ಲ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂದು ಪರೀಕ್ಷಿಸುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಹೆಗಲು ತಟ್ಟಿ ನೋಡುತ್ತಾನೆ. ನೊಗ ಹೊರಬೇಕಾದದ್ದು ಕೊಂಬಲ್ಲ, ಹೆಗಲು ಎಂಬುದು ಅವನಿಗೆ ಗೊತ್ತು. ಎತ್ತನ್ನು ಕೊಳ್ಳುವಾಗ ಇಷ್ಟು ವಿವೇಕವುಳ್ಳ ನಾವು ನಮ್ಮ ಭಕ್ತಿಯನ್ನು ಅಳೆಯುವಾಗ ಮಾತ್ರ ಕೊಂಬಿನ ಬಣ್ಣಕ್ಕೆ ಮರುಳಾಗುತ್ತೇವೆ.

ಶುಭಸಂದೇಶಗಳಲ್ಲಿ ‘ಕಪಟಿ’ ಎಂದು ನಾವು ಓದುವಲ್ಲಿ ಮೂಲ ಗ್ರೀಕ್ ಭಾಷೆಯಲ್ಲಿರುವ ಪದಕ್ಕೆ ರಂಗದ ಮೇಲೆ ನಟಿಸುವವನು ಎಂಬ ಅರ್ಥವಿದೆ. ದೊಡ್ಡಾಟ, ಪಾರಿಜಾತಗಳ ಈ ಸೀಮೆಯವರಿಗೆ ನಟನೆಂದರೆ ಗೌರವವೇ. ಹಗಲೆಲ್ಲ ಹೊಲದಲ್ಲಿ ದುಡಿದವನು ಇರುಳು ಕಿರೀಟ ತೊಟ್ಟು ಅರಸನಾಗುತ್ತಾನೆ. ಬೆಳಗಾದೊಡನೆ ಬಣ್ಣ ತೊಳೆದು ಮತ್ತೆ ಹೊಲಕ್ಕೆ ನಡೆಯುತ್ತಾನೆ. ಅವನು ಯಾರನ್ನೂ ಮೋಸಗೊಳಿಸಲಿಲ್ಲ. ಅವನು ಅರಸನಲ್ಲವೆಂಬುದು ನೋಡುವವರಿಗೂ ಗೊತ್ತು, ಅವನಿಗೂ ಗೊತ್ತು. ಕಪಟಿಯ ದುರಂತವೆಂದರೆ ಬೆಳಗಾದರೂ ಅವನು ಬಣ್ಣ ತೊಳೆಯುವುದಿಲ್ಲ. ದಿನ ಕಳೆದಂತೆ ತನ್ನ ನಿಜವಾದ ಮುಖ ಯಾವುದೆಂಬುದು ಅವನಿಗೇ ಮರೆತುಹೋಗುತ್ತದೆ. ಪಾಪಿಯ ಪಾಪವನ್ನು ಪ್ರಭು ಕ್ಷಮಿಸಬಲ್ಲರು, ಏಕೆಂದರೆ ಅವನು ತನ್ನ ಮುಖವನ್ನೇ ಹೊತ್ತು ಅವರ ಮುಂದೆ ಬರುತ್ತಾನೆ. ಮುಖವಾಡವನ್ನು ಕ್ಷಮಿಸುವುದು ಹೇಗೆ? ಸುಂಕದವರೊಡನೆ, ವೇಶ್ಯೆಯರೊಡನೆ ಅಷ್ಟು ಮೃದುವಾಗಿ ಮಾತನಾಡಿದ ಯೇಸುಸ್ವಾಮಿ ಕಪಟಿಗಳೊಡನೆ ಮಾತ್ರ ಏಕೆ ಅಷ್ಟು ಕಠೋರವಾದರೆಂಬುದಕ್ಕೆ ಉತ್ತರ ಇಲ್ಲಿದೆ.

ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಪ್ರಭು ಮೂರು ಉದಾಹರಣೆಗಳನ್ನು ಕೊಡುತ್ತಾರೆ: ದಾನ, ಪ್ರಾರ್ಥನೆ, ಉಪವಾಸ. ಮೂರೂ ಸತ್ಕಾರ್ಯಗಳೇ ಎಂಬುದನ್ನು ಗಮನಿಸಿರಿ. ಕೆಟ್ಟ ಕಾರ್ಯಗಳಲ್ಲಿ ಕಪಟ ಬೇರೂರುವುದಿಲ್ಲ. ಅದು ಬೇರೂರುವುದು ಒಳ್ಳೆಯ ಮಣ್ಣಿನಲ್ಲಿ. ಆದುದರಿಂದಲೇ ಇಗರ್ಜಿಯ ಅಂಗಳದಲ್ಲಿ ಅದು ಸೊಂಪಾಗಿ ಬೆಳೆಯುತ್ತದೆ. ಒಂದು ಬೆಂಚು ಕೊಟ್ಟರೆ ಅದರ ಬೆನ್ನಿಗೆ ನಮ್ಮ ಹೆಸರಿರಬೇಕು. ಒಂದು ಫ್ಯಾನು ಕೊಟ್ಟರೆ ಅದರ ರೆಕ್ಕೆಗಳ ಮೇಲೆ ಹೆಸರು ತಿರುಗಬೇಕು. ಈ ದೋಷದಲ್ಲಿ ಗುರುವರ್ಗದ ಪಾಲೂ ಇದೆ. ಕಾಣಿಕೆಯ ಮೊತ್ತವನ್ನು ಹೆಸರಿನೊಡನೆ ಧ್ವನಿವರ್ಧಕದಲ್ಲಿ ಓದಿಸುವ ಪದ್ಧತಿ ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ಪೀಠದ ಬಳಿಯಿಂದಲೇ ತುತ್ತೂರಿ ಊದಲಾಗುತ್ತಿದೆ. ಕಾಣಿಕೆ ಪೆಟ್ಟಿಗೆಯಲ್ಲಿ ಎರಡು ಕಾಸು ಹಾಕಿದ ಬಡ ವಿಧವೆಯ ಹೆಸರನ್ನು ಶುಭಸಂದೇಶ ದಾಖಲಿಸಿಲ್ಲ. ಆದರೆ ಎರಡು ಸಾವಿರ ವರ್ಷಗಳ ಮೇಲೂ ಲೋಕ ಅವಳನ್ನು ನೆನೆಯುತ್ತಿದೆ.

ಅಂತಿಯೋಕ್ಯದ ಊಟದ ಪಂಕ್ತಿ

ಕಪಟವೂ ಒತ್ತಡವೂ ಒಂದೇ ಎಂಬ ಮಾತಿಗೆ ಪವಿತ್ರ ಗ್ರಂಥದ ಆಧಾರ ಬೇಕೆನ್ನುವವರು ಗಲಾತ್ಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ತೆರೆಯಲಿ. ಅಂತಿಯೋಕ್ಯ ನಗರದಲ್ಲಿ ಯೆಹೂದ್ಯ ಕ್ರೈಸ್ತರೂ ಅನ್ಯಧರ್ಮಗಳಿಂದ ಬಂದ ಕ್ರೈಸ್ತರೂ ಕೂಡಿ ಬಾಳುತ್ತಿದ್ದರು. ಸಂತ ಪೇತ್ರರು ಅಲ್ಲಿಗೆ ಬಂದಾಗ ಅನ್ಯಧರ್ಮೀಯ ಮೂಲದವರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಊಟಮಾಡಿದರು. ಅನಂತರ ಜೆರುಸಲೇಮಿನಿಂದ, ಯಕೋಬರ ಕಡೆಯಿಂದ, ಕೆಲವರು ಬಂದರು. ಅವರನ್ನು ಕಂಡೊಡನೆ ಪೇತ್ರರು ಮೆಲ್ಲಮೆಲ್ಲನೆ ಹಿಂದೆ ಸರಿದು ಪಂಕ್ತಿಯಿಂದ ಬೇರೆಯಾದರು. ಅವರ ವಿಶ್ವಾಸ ಬದಲಾಗಿರಲಿಲ್ಲ, ಅವರ ದೈವಶಾಸ್ತ್ರ ಬದಲಾಗಿರಲಿಲ್ಲ. ಬದಲಾದದ್ದು ನೋಡುವವರು ಮಾತ್ರ. ಅವರಿಗೆ ಭಯವಾಯಿತು ಎಂದು ಸಂತ ಪೌಲರು ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. ಉಳಿದ ಯೆಹೂದ್ಯರೂ ಪೇತ್ರರನ್ನು ಹಿಂಬಾಲಿಸಿದರು. ಪೌಲರ ಜತೆಗಾರರಾದ ಬಾರ್ನಬರೂ ಕಾಲುಜಾರಿದರು.

ಈ ನಡೆಗೆ ಪೌಲರು ಕೊಟ್ಟ ಹೆಸರೇನು? ದೌರ್ಬಲ್ಯ ಎನ್ನಲಿಲ್ಲ, ಸಂದರ್ಭದ ಅನಿವಾರ್ಯತೆ ಎನ್ನಲಿಲ್ಲ. ಕಪಟ ಎಂದರು. ನಾವು ‘ಒತ್ತಡಕ್ಕೆ ಮಣಿದರು’ ಎಂದು ಸೌಮ್ಯವಾಗಿ ಹೇಳುವುದನ್ನೇ ಅವರು ಕಪಟವೆಂದು ಕರೆದು, ಎಲ್ಲರ ಎದುರಿಗೇ ಪೇತ್ರರನ್ನು ಪ್ರಶ್ನಿಸಿದರು. ಪೇತ್ರರಿಗೆ ಇದು ಹೊಸ ರೋಗವಲ್ಲ. ಚಳಿ ಕಾಯಿಸಿಕೊಳ್ಳುತ್ತಿದ್ದ ನಾಲ್ಕು ಮಂದಿಯ ನಡುವೆ, ಒಬ್ಬ ದಾಸಿಯ ಮಾತಿಗೆ ಅಂಜಿ, ಗುರುವನ್ನೇ ಅರಿಯೆನೆಂದ ನಾಲಗೆ ಅದು. ಆದರೂ ಅದೇ ಪೇತ್ರರು ಕೊನೆಗೆ ರೋಮಿನಲ್ಲಿ ರಕ್ತಸಾಕ್ಷಿಯಾದರು. ಬಿದ್ದವರು ಏಳಬಲ್ಲರು, ಬಿದ್ದದ್ದನ್ನು ಯಾರಾದರೂ ಬಿದ್ದದ್ದೆಂದೇ ಹೇಳಬೇಕು, ಅಷ್ಟೆ.

2021ರ ಆಗಸ್ಟ್ 25ರಂದು ಜಗದ್ಗುರು ಫ್ರಾನ್ಸಿಸರು ಬುಧವಾರದ ಸಾರ್ವಜನಿಕ ದರ್ಶನದಲ್ಲಿ ಇದೇ ಅಂತಿಯೋಕ್ಯದ ಪ್ರಸಂಗವನ್ನು ಎತ್ತಿಕೊಂಡು ಕಪಟದ ಕುರಿತು ಬೋಧಿಸಿದರು. ಸತ್ಯಕ್ಕೆ ಅಂಜುವ ಮನಸ್ಸೇ ಕಪಟದ ಮೂಲವೆಂದೂ, ಧರ್ಮಸಭೆಯೊಳಗಿನ ಕಪಟ ಎಲ್ಲಕ್ಕಿಂತ ಹೇಯವೆಂದೂ ಅವರು ಎಚ್ಚರಿಸಿದ್ದರು. 2025ರಲ್ಲಿ ಅವರು ನಮ್ಮನ್ನಗಲಿದರು, ಎಚ್ಚರಿಕೆ ಉಳಿದಿದೆ.

ಇಬ್ಬರು ಸಾಕ್ಷಿಗಳೂ ಎರಡು ಸಾವಿರ ಸಾಕ್ಷಿಗಳೂ

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಕ್ರೈಸ್ತ ವಿವಾಹಕ್ಕೆ ಧರ್ಮಸಭೆ ಕೇಳುವುದೇನು? ವಧೂವರರ ಸ್ವತಂತ್ರ ಒಪ್ಪಿಗೆ, ಅದನ್ನು ಧರ್ಮಸಭೆಯ ಹೆಸರಿನಲ್ಲಿ ಸ್ವೀಕರಿಸುವ ಒಬ್ಬ ಗುರು, ಮತ್ತು ಇಬ್ಬರು ಸಾಕ್ಷಿಗಳು. ಇಷ್ಟಿದ್ದರೆ ಸಂಸ್ಕಾರ ಪೂರ್ಣ. ಧರ್ಮಸಭೆಗೆ ಇಬ್ಬರು ಸಾಕ್ಷಿಗಳು ಸಾಕು. ನಾಲ್ಕು ಮಂದಿಗೆ ಎರಡು ಸಾವಿರ ಸಾಕ್ಷಿಗಳು ಬೇಕು. ಅವರಿಗೆ ಉಣಬಡಿಸಬೇಕು, ಆಯೇರಿ ಮಾಡಬೇಕು, ಧ್ವನಿ ಬೆಳಕಿನ ವೈಭವ ತೋರಿಸಬೇಕು. ನೇಗಿಲು ಹಿಡಿದು, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು, ಇಳಕಲ್ಲಿನ ಕಲ್ಲಿನ ಗಣಿಗಳಲ್ಲಿ ದೂಳು ಕುಡಿದು ಕೂಡಿಸಿದ ಹಣ ಒಂದೇ ಮಧ್ಯಾಹ್ನದಲ್ಲಿ ಕರಗಿಹೋಗುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆಯನ್ನು ನಾವು ಇತರರಿಗೆ ಹೇಳುತ್ತೇವೆ, ನಮಗಲ್ಲ. ಚಪ್ಪರ ಬಿಚ್ಚಿದ ಮರುವಾರವೇ ಮನೆಯ ಯಜಮಾನ ಬಡ್ಡಿ ತೀರಿಸಲೆಂದು ಗೋವೆಗೋ ಮಂಗಳೂರಿಗೋ ಕಟ್ಟಡದ ಕೆಲಸಕ್ಕೆ ಬಸ್ಸು ಹತ್ತುತ್ತಾನೆ. ಊಟ ಉಂಡ ನಾಲ್ಕು ಮಂದಿ ಆ ಬಸ್‌ನಿಲ್ದಾಣಕ್ಕೆ ಬಂದಿರುವುದಿಲ್ಲ. ತಂದೆಯಿಲ್ಲದ ಮನೆಯಲ್ಲಿ ಕಿರಿಯ ಮಗ ಶಾಲೆ ಬಿಡುತ್ತಾನೆ. ಒಂದು ಸಂಸ್ಕಾರವನ್ನು ನಾಲ್ಕು ಮಂದಿಗಾಗಿ ಮೆರೆಸಿದ್ದರ ಬೆಲೆಯನ್ನು ಆ ಮಗು ತೆರುತ್ತದೆ.

ಇನ್ನು ವರದಕ್ಷಿಣೆ. ಆ ಹೆಸರು ಹೇಳಲು ಎಲ್ಲರಿಗೂ ನಾಚಿಕೆ. ಆದುದರಿಂದ ಹೆಸರು ಬದಲಿಸಿದ್ದೇವೆ. ‘ವರೋಪಚಾರ’ ಎಂದರೆ ಮರ್ಯಾದೆ. ‘ಪ್ರೀತಿಯಿಂದ ಕೊಟ್ಟದ್ದು’ ಎಂದರೆ ಪುಣ್ಯ! 1961ರ ವರದಕ್ಷಿಣೆ ನಿಷೇಧ ಕಾಯಿದೆ ತೆಗೆದುಕೊಳ್ಳುವವರನ್ನಲ್ಲದೆ ಕೊಡುವವರನ್ನೂ ಅಪರಾಧಿಗಳೆಂದು ಎಣಿಸಿ, ಸಾಮಾನ್ಯವಾಗಿ ಕನಿಷ್ಠ 5 ವರ್ಷಗಳ ಸೆರೆವಾಸವನ್ನು ವಿಧಿಸುತ್ತದೆ. ಕಾನೂನು ಅಪರಾಧವೆನ್ನುವುದನ್ನು, ಧರ್ಮ ಪಾಪವೆನ್ನುವುದನ್ನು, ಇಗರ್ಜಿಯ ಹಿರಿಯರೇ ಮುಂದೆ ಕುಳಿತು ಮಾತುಕತೆ ಮಾಡಿ ಮುಗಿಸುವುದುಂಟು. ಮಾರನೆಯ ಭಾನುವಾರ ಅವರೇ ವಾಚನ ಓದಲು ಪೀಠದ ಬಳಿ ಬರುತ್ತಾರೆ. ಗಂಡಿನ ಕಡೆಯವರು ಹೇಳುತ್ತಾರೆ: ‘ನಮಗ ಏನೂ ಬ್ಯಾಡ್ರೀ, ಆದರ ನಾಕ ಮಂದ್ಯಾಗ ನಮ್ಮ ಮರ್ಯಾದಿ ಉಳೀಬೇಕಲ್ರೀ.’ ಈ ಒಂದು ವಾಕ್ಯದಲ್ಲಿ ಕಪಟವೂ ಇದೆ, ಒತ್ತಡವೂ ಇದೆ. ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಆರಂಭವಾಯಿತೆಂದು ಬಿಡಿಸಿ ಹೇಳಬಲ್ಲಿರಾ?

ಇಲ್ಲಿ ಕೆಲವರು ಕಾನಾ ಊರಿನ ಮದುವೆಯನ್ನು ಮುಂದೊಡ್ಡುತ್ತಾರೆ. ದ್ರಾಕ್ಷಾರಸ ಮುಗಿದಾಗ ಆ ಮನೆಯವರ ಮಾನ ಉಳಿಸಲು ಯೇಸುವೇ ಮೊದಲ ಅದ್ಭುತ ಮಾಡಲಿಲ್ಲವೇ, ಮದುವೆಯ ಸಂಭ್ರಮಕ್ಕೆ ಅವರೇ ಮುದ್ರೆಯೊತ್ತಲಿಲ್ಲವೇ ಎಂಬುದು ಅವರ ಪ್ರಶ್ನೆ. ಹೌದು, ಸಂಭ್ರಮ ಪಾಪವಲ್ಲ. ಆದರೆ ಆ ಅದ್ಭುತ ನಡೆದ ರೀತಿಯನ್ನು ನೋಡಿರಿ. ಕೊರತೆಯನ್ನು ಕಂಡ ಮಾತೆ ಮರಿಯಮ್ಮ ಅದನ್ನು ಊರಿಗೆಲ್ಲ ಸಾರಲಿಲ್ಲ, ಮಗನಿಗಷ್ಟೇ ಹೇಳಿದರು. ದ್ರಾಕ್ಷಾರಸ ಎಲ್ಲಿಂದ ಬಂತೆಂಬುದು ಔತಣದ ಮೇಲ್ವಿಚಾರಕನಿಗೂ ತಿಳಿಯಲಿಲ್ಲ. ನೀರು ಹೊತ್ತ ಆಳುಗಳಿಗಷ್ಟೇ ತಿಳಿದಿತ್ತು. ಬಡವರ ಮಾನ ಕಾಯುವ ಕೆಲಸವನ್ನು ಪ್ರಭು ಗುಟ್ಟಾಗಿ ಮಾಡಿದರು. ನಾವು ಕಾನಾದ ಹೆಸರು ಹೇಳಿ ನಮ್ಮ ಸಿರಿಯನ್ನು ಬಹಿರಂಗವಾಗಿ ಮೆರೆಸುತ್ತೇವೆ. ಅದನ್ನು ಕಂಡ ಪಕ್ಕದ ಬಡವ ತನ್ನ ಮಗಳಿಗೂ ಹಾಗೆಯೇ ಮಾಡಬೇಕೆಂದು ಸಾಲದ ಬಾವಿಗೆ ಬೀಳುತ್ತಾನೆ. ಒಬ್ಬ ಉಳ್ಳವನ ಆಡಂಬರ ಹತ್ತು ಜನ ಇಲ್ಲದವರ ಮೇಲೆ ಹೊರಿಸಿದ ಹೊರೆ ಎಂಬುದನ್ನು ನಮ್ಮ ಧರ್ಮಕೇಂದ್ರದ ಅನುಕೂಲಸ್ಥ ಕುಟುಂಬಗಳು ದಯಮಾಡಿ ಯೋಚಿಸಲಿ. ಒತ್ತಡಕ್ಕೆ ಮಣಿಯುವವನಿಗಿಂತ ಒತ್ತಡವನ್ನು ಹುಟ್ಟಿಸುವವನ ಹೊಣೆ ದೊಡ್ಡದು.

ನಮ್ಮ ಪಂಕ್ತಿಯಲ್ಲಿ ಯಾರಿದ್ದಾರೆ?

ಅಂತಿಯೋಕ್ಯದಲ್ಲಿ ಪ್ರಶ್ನೆ ಎದ್ದದ್ದು ಊಟದ ಪಂಕ್ತಿಯಲ್ಲಿ ಎಂಬುದು ಆಕಸ್ಮಿಕವಲ್ಲ. ನಮ್ಮ ನಾಡಿನಲ್ಲಿ ಮನುಷ್ಯನ ನಿಜವಾದ ವಿಶ್ವಾಸ ಬಯಲಾಗುವುದು ಜಪಮಾಲೆಯಲ್ಲಲ್ಲ, ಪಂಕ್ತಿಯಲ್ಲಿ. ಪರಮಪ್ರಸಾದದ ಒಂದೇ ರೊಟ್ಟಿಯಲ್ಲಿ ಪಾಲುಗೊಂಡು ಹೊರಗೆ ಬಂದವರು ‘ಅವರು ಯಾವ ಕಡೆಯವರು?’ ಎಂದು ಪಿಸುಗುಟ್ಟಿದರೆ, ಪಾಲುಗೊಂಡದ್ದು ಯಾವುದರಲ್ಲಿ? ಸಂಬಂಧ ಬೆಳೆಸುವಾಗ ಹುಡುಗನ ಭಕ್ತಿ ನಡತೆಗಳಿಗಿಂತ ಮೊದಲು ಅವನ ಅಜ್ಜನ ಜಾತಿಯನ್ನು ವಿಚಾರಿಸುವ ಕ್ರೈಸ್ತ ತಂದೆತಾಯಿಗಳಿಗೆ ದೀಕ್ಷಾಸ್ನಾನದ ನೀರು ಎಲ್ಲಿಯವರೆಗೆ ಇಳಿದಿದೆ?

ತಿರುವಾಂಕೂರಿನ ಅರಮನೆಯ ಅಧಿಕಾರಿಯಾಗಿದ್ದ ನೀಲಕಂಠ ಪಿಳ್ಳೆಯವರು 1745ರಲ್ಲಿ ವಡಕ್ಕನ್‌ಕುಳಂ ಎಂಬಲ್ಲಿ ದೀಕ್ಷಾಸ್ನಾನ ಪಡೆದು ದೇವಸಹಾಯರಾದರು. ಜಾತಿಯನ್ನೆಣಿಸದೆ ಎಲ್ಲರೊಡನೆ ಬೆರೆತು ಉಂಡದ್ದು ಅವರ ಮೇಲಣ ಕೋಪಕ್ಕೆ ಒಂದು ಕಾರಣವಾಯಿತು. ಸೆರೆ, ಚಿತ್ರಹಿಂಸೆ, ಬೀದಿಬೀದಿಯ ಅಪಮಾನಗಳ ಬಳಿಕ 1752ರ ಜನವರಿ 14ರಂದು ಅವರನ್ನು ಗುಂಡಿಕ್ಕಿ ಕೊಂದರು. 2022ರ ಮೇ 15ರಂದು ಅವರು ಸಂತರೆಂದು ಘೋಷಿತರಾದರು; ಸಂತಪದವಿಗೇರಿದ ಮೊದಲ ಭಾರತೀಯ ಶ್ರೀಸಾಮಾನ್ಯ ವಿಶ್ವಾಸಿ ಅವರು. ಇನ್ನು ಕಹಿಯಾದ ಮಾತನ್ನೂ ಕೇಳಿರಿ. ಅವರು ದೀಕ್ಷೆ ಪಡೆದ ಅದೇ ವಡಕ್ಕನ್‌ಕುಳದಲ್ಲಿ 19ನೆಯ ಶತಮಾನದ ಕ್ರೈಸ್ತರು ಇಗರ್ಜಿ ಕಟ್ಟಿದಾಗ, ಜಾತಿಜಾತಿಗಳು ಬೆರೆಯದಿರಲೆಂದು ಪೀಠದಿಂದ ಎರಡು ಕವಲಾಗಿ ಒಡೆದ ಕಟ್ಟಡವನ್ನು ಕಟ್ಟಿದರು. ಪೀಠ ಒಂದೇ, ಕೂರುವ ಅಂಗಳ ಎರಡು. ಒಬ್ಬರು ಪ್ರಾಣ ಕೊಟ್ಟು ಕೆಡವಿದ ಗೋಡೆಯನ್ನು ನಾಲ್ಕು ಮಂದಿಯ ಭಯ ಕಲ್ಲು ಗಾರೆಗಳಿಂದ ಮತ್ತೆ ಎಬ್ಬಿಸಿತು. ಆ ಭೇದ ಅಳಿಯಲು ಮುಂದಿನ ಶತಮಾನವೇ ಬರಬೇಕಾಯಿತು.

ಅದು ತಮಿಳುನಾಡಿನ ಮಾತು ಎಂದು ಸಮಾಧಾನಪಟ್ಟುಕೊಳ್ಳಬೇಡಿರಿ. 2003ರಲ್ಲಿ ಸಂತ ಎರಡನೆಯ ಜಾನ್ ಪೌಲರು ತಮಿಳುನಾಡಿನ ಧರ್ಮಾಧ್ಯಕ್ಷರನ್ನು ಕುರಿತು ಕ್ರೈಸ್ತರ ನಡುವಿನ ಜಾತಿಭೇದವನ್ನು ಖಂಡಿಸಿದರು, ನಿಜ. ಆದರೆ 2016ರ ಡಿಸೆಂಬರಿನಲ್ಲಿ ದಲಿತರ ಸಬಲೀಕರಣ ನೀತಿಯನ್ನು ಪ್ರಕಟಿಸಿ, ಧರ್ಮಸಭೆಯೊಳಗೇ ಈ ಭೇದ ಇದೆಯೆಂದು ಒಪ್ಪಿಕೊಂಡವರು ಇಡೀ ಭಾರತದ ಕಥೋಲಿಕ ಧರ್ಮಾಧ್ಯಕ್ಷರು. ಅದರಲ್ಲಿ ನಾವೂ ಸೇರಿದ್ದೇವೆ.

‘ಸಮಾಜ ಒಪ್ಪುವುದಿಲ್ಲ’ ಎಂದು ಹೇಳುವ ಹಕ್ಕು ಈ ಮಣ್ಣಿನವರಿಗಂತೂ ಇಲ್ಲ. ಅಮೀನಗಡದಿಂದ ಕೂಡಲಸಂಗಮ ಎಷ್ಟು ದೂರ? ಕೃಷ್ಣೆ ಮಲಪ್ರಭೆಯರು ಕೂಡುವ ಆ ಕ್ಷೇತ್ರದಲ್ಲಿ ಬೆಳೆದ ಬಸವಣ್ಣನವರು 12ನೆಯ ಶತಮಾನದಲ್ಲಿಯೇ ನುಡಿದಂತೆ ನಡೆಯದ ಭಕ್ತಿಯನ್ನು ನಿಷ್ಠುರವಾಗಿ ಟೀಕಿಸಿದರು. ಕುಲವನ್ನೆಣಿಸದೆ ಶರಣರೊಡನೆ ಉಂಡರು. ಬ್ರಾಹ್ಮಣ ಮೂಲದ ಮಧುವರಸರ ಮಗಳನ್ನು ಸಮಗಾರ ಹರಳಯ್ಯನವರ ಮಗನಿಗೆ ಕೊಟ್ಟು ಮದುವೆ ಮಾಡಿದ್ದಕ್ಕಾಗಿ ಆ ತಂದೆಯರು ಕಲ್ಯಾಣದಲ್ಲಿ ಪ್ರಾಣವನ್ನೇ ತೆತ್ತರೆಂದು ಪರಂಪರೆ ಹೇಳುತ್ತದೆ. ಅವರ ಧರ್ಮ ಬೇರೆ, ನಮ್ಮ ಧರ್ಮ ಬೇರೆ. ಅದನ್ನು ಕಲಸುಮೇಲೋಗರ ಮಾಡುವುದು ನನ್ನ ಉದ್ದೇಶವಲ್ಲ. ಆದರೆ ಶಿಲುಬೆಯ ಗುರುತು ಹಾಕಿಕೊಳ್ಳುವ ನಾವು, ಎಂಟು ನೂರು ವರ್ಷಗಳ ಹಿಂದೆ ಇದೇ ಸೀಮೆಯ ಜನ ತೋರಿದ ಎದೆಗಾರಿಕೆಯಲ್ಲಿ ಕಾಲುಭಾಗವನ್ನೂ ತೋರದಿದ್ದರೆ, ನೆರೆಹೊರೆಯವರು ನಮ್ಮಿಂದ ಏನನ್ನು ತಿಳಿದಾರು?

ಮಕ್ಕಳು ಕಲಿಯುವುದು ಯಾರಿಂದ?

ಯುವಜನರು ಕೆಟ್ಟುಹೋಗುತ್ತಿದ್ದಾರೆಂಬ ದೂರು ಪ್ರತಿ ಸಭೆಯಲ್ಲೂ ಕೇಳಿಬರುತ್ತದೆ. ಗೆಳೆಯರ ಮಾತಿಗೆ ಗುಟಕಾ ಹಿಡಿದ, ಗೆಳೆಯರ ಜತೆಗೆಂದು ಮದ್ಯ ಕುಡಿದ, ಗೆಳೆಯರ ಬಳಿಯಿದೆಯೆಂದು ದುಬಾರಿ ಮೊಬೈಲಿಗೆ ಹಟ ಹಿಡಿದ ಎಂದು ತಂದೆತಾಯಿಗಳು ಕಣ್ಣೀರಿಡುತ್ತಾರೆ. ಅವರ ನೋವು ನಿಜವಾದದ್ದು. ಆದರೆ ಒಂದು ಪ್ರಶ್ನೆ: ‘ಎಲ್ಲರೂ ಮಾಡುತ್ತಾರೆ, ನಾನೂ ಮಾಡಿದೆ’ ಎಂಬ ತರ್ಕವನ್ನು ಆ ಹುಡುಗ ಕಲಿತದ್ದು ಎಲ್ಲಿ? ಅಕ್ಕನ ಮದುವೆಯ ಮಾತುಕತೆ ನಡೆದಾಗ ಅವನು ಪಡಸಾಲೆಯ ಮೂಲೆಯಲ್ಲಿ ಕುಳಿತಿದ್ದ. ಮನೆಯಲ್ಲಿ ಜಪಸರ ಒಂದು ದಿನವೂ ಇಲ್ಲದಿದ್ದರೂ ಗುರುಗಳು ಮನೆ ಆಶೀರ್ವದಿಸಲು ಬರುತ್ತಾರೆಂದಾಗ ಪೀಠದ ದೂಳು ಒರೆಸಿದ್ದನ್ನು ಅವನು ನೋಡಿದ್ದ. ಹಬ್ಬದ ದಿನ ಇಗರ್ಜಿಯಲ್ಲಿ ಕೈಮುಗಿದ ತಂದೆ ಸಂಜೆ ನೆಂಟರ ಒತ್ತಾಯಕ್ಕೆ ಕುಡಿದು ತಾಯಿಯ ಮೇಲೆ ಕೈಯೆತ್ತಿದ್ದನ್ನೂ ನೋಡಿದ್ದ. ನಾವು ಅವನಿಗೆ ಕಲಿಸಿದ ಧರ್ಮೋಪದೇಶ ಇದು. ಪರೀಕ್ಷೆಯಲ್ಲಿ ಅವನು ಚೆನ್ನಾಗಿಯೇ ಉತ್ತೀರ್ಣನಾಗಿದ್ದಾನೆ.

ಯುವಜನರಿಗೆ ಕೊಡಬೇಕಾದದ್ದು ಉಪದೇಶವಲ್ಲ, ಮಾದರಿಗಳು. ಆಸ್ಟ್ರಿಯಾ ದೇಶದ ಸೇಂಟ್ ರಾಡೆಗುಂಡ್ ಎಂಬ ಹಳ್ಳಿಯ ರೈತ ಫ್ರಾನ್ಸ್ ಯೇಗರ್‌ಸ್ಟೆಟರರ ಕಥೆಯನ್ನು ಅವರಿಗೆ ಹೇಳಿರಿ. ಅವರು ಹೆಂಡತಿ ಮಕ್ಕಳುಳ್ಳ ಸಾಮಾನ್ಯ ಒಕ್ಕಲಿಗ. ಊರ ಇಗರ್ಜಿಯ ಪರಿಚಾರಕ. 1938ರಲ್ಲಿ ಹಿಟ್ಲರನ ಜರ್ಮನಿಯೊಡನೆ ಆಸ್ಟ್ರಿಯಾ ಸೇರಿಕೊಂಡದ್ದರ ಕುರಿತು ಮತ ಕೇಳಿದಾಗ ಆ ಹಳ್ಳಿಯಲ್ಲಿ ಬೇಡವೆಂದವರು ಅವರೊಬ್ಬರೇ. ಮುಂದೆ ಆ ಅನ್ಯಾಯದ ಯುದ್ಧದಲ್ಲಿ ಆಯುಧ ಹಿಡಿಯಲಾರೆನೆಂದರು. ನೆರೆಯವರು ಬೇಡವೆಂದರು, ನೆಂಟರು ಬೇಡವೆಂದರು, ಸ್ವತಃ ಧರ್ಮಾಧ್ಯಕ್ಷರೂ ಸಂಸಾರವನ್ನು ನೆನೆಯಲು ಹೇಳಿದರು. ಅವರು ತಮ್ಮ ಆತ್ಮಸಾಕ್ಷಿಯನ್ನು ಮಾರಲಿಲ್ಲ. 1943ರ ಆಗಸ್ಟ್ 9ರಂದು ಅವರ ಶಿರಚ್ಛೇದವಾಯಿತು. ಊರು ಬಹುಕಾಲ ಅವರನ್ನು ಮೊಂಡನೆಂದೇ ಎಣಿಸಿತು. 2007ರಲ್ಲಿ ಅವರನ್ನು ಪುನೀತರೆಂದು ಘೋಷಿಸಿದಾಗ ಅವರ ವೃದ್ಧ ಪತ್ನಿ ಫ್ರಾನ್ಸಿಸ್ಕಾ ಆ ಪೂಜೆಯಲ್ಲಿ ಉಪಸ್ಥಿತರಿದ್ದರು. ಅಂದು ಅವರಿಗೆ ಬುದ್ಧಿ ಹೇಳಿದ ನಾಲ್ಕು ಮಂದಿಯ ಹೆಸರು ಇಂದು ಯಾರಿಗೆ ನೆನಪಿದೆ?

ಎದುರುಮಾತುಗಳಿಗೆ ಉತ್ತರ

‘ಸಮಾಜದಾಗ ಬಾಳೇ ಮಾಡಬೇಕಲ್ರೀ ಫಾದರ್, ನಾಳೆ ಹೆಣ ಹೊರಾಕರ ನಾಕ ಮಂದಿ ಬೇಕಲ್ರೀ’ ಎನ್ನುವವರಿದ್ದಾರೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಈ ಸೀಮೆಯಲ್ಲಿ ಕ್ರೈಸ್ತರು ಹಿಡಿಯಷ್ಟು. ಮುದಗಲ್ಲಿನಲ್ಲಿ ಆದಿಲಶಾಹಿಗಳ ಕಾಲದಿಂದ, ಗುಳೇದಗುಡ್ಡದಲ್ಲಿ 19ನೆಯ ಶತಮಾನದ ಬಾಸೆಲ್ ಮಿಷನ್ ಕಾಲದಿಂದ, ಬೇರೆಬೇರೆ ಸಭೆಗಳ ಕ್ರೈಸ್ತರು ನೆರೆಹೊರೆಯವರ ಪ್ರೀತಿಯಲ್ಲಿಯೇ ಬಾಳಿ ಬಂದಿದ್ದಾರೆ. ಊರೊಡನೆ ಬಾಳುವುದು ಬೇಡವೆಂದು ಯಾರೂ ಹೇಳುತ್ತಿಲ್ಲ. ಅವರ ಜಾತ್ರೆಗೆ ಶುಭ ಕೋರುವುದು, ಅವರ ಸಾವಿಗೆ ಅಳುವುದು, ಅವರ ಭಾಷೆ ಉಡುಗ ತೊಡುಗೆಗಳನ್ನು ನಮ್ಮದೆಂದು ಪ್ರೀತಿಸುವುದು ಒತ್ತಡಕ್ಕೆ ಮಣಿದಂತಲ್ಲ, ಅದು ನೆರೆಪ್ರೀತಿ. ಪ್ರಶ್ನೆ ಇಷ್ಟೇ: ಬಲಹೀನರಾದ ಯಾರಿಗಾದರೂ ಕೇಡಾಗುವುದೆಂದು ಗೊತ್ತಿದ್ದೂ, ಬೇರೆಯಾಗಿ ಕಾಣುವ ಭಯಕ್ಕೆ ನಾವು ಅದನ್ನು ಮಾಡುತ್ತೇವೆಯೇ? ಅಲ್ಲಿ ಗೆರೆ ಎಳೆಯಬೇಕು. ಹೆಣ ಹೊರುವ ಮಾತಿಗೆ ಬಂದರೆ, ಸತ್ತವರನ್ನು ಮಣ್ಣುಮಾಡುವುದು ಕ್ರೈಸ್ತರ ದಯಾಕಾರ್ಯಗಳಲ್ಲೊಂದು. ಊಟದ ವೈಭವ ನೋಡಿ ಹೆಗಲು ಕೊಡುವ ಧರ್ಮಕೇಂದ್ರ ನಮ್ಮದಾಗಿದ್ದರೆ ಅದು ಸತ್ತವನ ನಾಚಿಕೆಯಲ್ಲ, ಬದುಕಿರುವ ನಮ್ಮ ನಾಚಿಕೆ.

‘ಇಗರ್ಜಿಗೆ ಹೋಗುವವರೆಲ್ಲ ಕಪಟಿಗಳು, ಅದಕ್ಕೇ ನಾನು ಹೋಗುವುದಿಲ್ಲ’ ಎನ್ನುವವರು ಇನ್ನು ಕೆಲವರು. ರೋಗಿಗಳಿದ್ದಾರೆಂದು ಆಸ್ಪತ್ರೆಗೆ ಹೋಗದಿರುವ ಜಾಣತನ ಇದು. ಇವರನ್ನೂ ಆಳುತ್ತಿರುವುದು ಆ ನಾಲ್ಕು ಮಂದಿಯೇ. ಇಗರ್ಜಿಗೆ ಹೋಗಿ ಅವರನ್ನು ಮೆಚ್ಚಿಸುವವರು ಒಂದು ಕಡೆ, ಅವರನ್ನು ನೋಡಿ ಇಗರ್ಜಿಯನ್ನೇ ಬಿಡುವವರು ಇನ್ನೊಂದು ಕಡೆ. ಪ್ರಭುವಿಗಾಗಿ ಬರುವವನು ಪಕ್ಕದವನ ಮುಖವಾಡದ ಲೆಕ್ಕ ಇಡುವುದಿಲ್ಲ.

ಇನ್ನೊಂದು ಅಪಾಯವೂ ಇದೆ. ಒತ್ತಡವನ್ನು ಎದುರಿಸಿ ನಿಂತವನು ‘ನಾನೊಬ್ಬನೇ ಸಾಚಾ’ ಎಂದು ಬೀಗತೊಡಗಿದರೆ ಅವನು ಹಿಂಬಾಗಿಲಿನಿಂದ ಫರಿಸಾಯರ ಮನೆಯನ್ನೇ ಹೊಕ್ಕಂತಾಯಿತು. ಸರಳ ಮದುವೆ ಮಾಡಿ ಅದನ್ನು ಊರಿಗೆಲ್ಲ ಡಂಗುರ ಸಾರುವುದೂ ಆಡಂಬರವೇ. ಹಾಗಾದರೆ ನಿಮ್ಮ ಬೆಳಕು ಜನರ ಮುಂದೆ ಬೆಳಗಲಿ ಎಂಬರ್ಥದಲ್ಲಿ ಪ್ರಭು ಹೇಳಿದ್ದು, ಗುಟ್ಟಿನಲ್ಲಿ ದಾನಮಾಡಿರಿ ಎಂದದ್ದು, ಎರಡೂ ಹೇಗೆ ಹೊಂದುತ್ತವೆ? ಅಳತೆಗೋಲು ಸರಳ. ಹೊಗಳಿಕೆ ತರುವ ಸತ್ಕಾರ್ಯವನ್ನು ಮರೆಯಲ್ಲಿಡಿರಿ. ನಿಂದೆ ತರುವ ಸತ್ಕಾರ್ಯವನ್ನು ಬಯಲಿನಲ್ಲಿಡಿರಿ. ಕಾಣಿಕೆ ಗುಟ್ಟಾಗಿರಲಿ, ‘ವರದಕ್ಷಿಣೆ ಬೇಡ’ ಎಂಬ ಮಾತು ಎಲ್ಲರ ಎದುರಿಗಿರಲಿ.

ಮಾಡಬೇಕಾದದ್ದು

ಓದಿ ತಲೆದೂಗಿ ಪುಟ ತಿರುವುವುದೂ ಒಂದು ನಟನೆಯೇ. ಆದುದರಿಂದ ಕೆಲವು ಮಾತುಗಳನ್ನು ನೇರವಾಗಿ ಕೇಳುತ್ತೇನೆ. ಮದುವೆಯ ಪ್ರಕಟಣೆ ಕೊಡಲು ಗುರುಮನೆಗೆ ಬರುವ ಮುನ್ನ ಎರಡೂ ಮನೆಯವರು ಕೂಡಿ, ಸಾಲವಿಲ್ಲದೆ ಎಷ್ಟು ಮಾಡಬಲ್ಲೆವೆಂದು ಲೆಕ್ಕ ಹಾಕಿ, ಅಲ್ಲಿಗೇ ಗೆರೆ ಎಳೆಯಿರಿ. ಅನುಕೂಲಸ್ಥರು ಮೊದಲು ಸರಳವಾಗಿ ಮಾಡಿ ದಾರಿ ತೋರಿರಿ. ಬಡವ ಸರಳವಾಗಿ ಮಾಡಿದರೆ ಗತಿಯಿಲ್ಲವೆನ್ನುತ್ತಾರೆ, ಸಿರಿವಂತ ಮಾಡಿದರೆ ಅದು ಪದ್ಧತಿಯಾಗುತ್ತದೆ. ವಾರಕ್ಕೊಮ್ಮೆ ಯಾರಿಗೂ ತಿಳಿಯದಂತೆ ಒಂದು ಒಳ್ಳೆಯ ಕೆಲಸ ಮಾಡಿರಿ. ಅದರ ಚಿತ್ರವನ್ನು ಮೊಬೈಲಿನ ಸ್ಟೇಟಸ್ಸಿಗೆ ಹಾಕಬೇಡಿರಿ. ಇದುವರೆಗೆ ನಿಮ್ಮ ಮನೆಯಲ್ಲಿ ಉಣ್ಣದ ಧರ್ಮಕೇಂದ್ರದ ಒಂದು ಕುಟುಂಬವನ್ನು ಊಟಕ್ಕೆ ಕರೆಯಿರಿ. ಅದಕ್ಕಿಂತ ಕಷ್ಟದ ಕೆಲಸ, ಅವರ ಮನೆಗೆ ಹೋಗಿ ಅವರ ತಟ್ಟೆಯಲ್ಲಿ ಉಣ್ಣಿರಿ. ನಿಮ್ಮ ಮಗ ‘ಎಲ್ಲರೂ ಮಾಡುತ್ತಾರೆ’ ಎಂದಾಗ ಬೈಯುವ ಮೊದಲು, ಆ ವಾಕ್ಯವನ್ನು ನೀವು ಕಳೆದ ಬಾರಿ ಯಾವಾಗ ಆಡಿದಿರೆಂದು ನೆನಪಿಸಿಕೊಳ್ಳಿರಿ. ಪಾಪನಿವೇದನೆಗೆ ಬರುವಾಗ ನಾಲ್ಕು ಮಂದಿಗೆ ಅಂಜಿ ಮಾಡಿದ್ದನ್ನೂ ನಾಲ್ಕು ಮಂದಿಗೆ ಅಂಜಿ ಬಿಟ್ಟದ್ದನ್ನೂ ಹೇಳಿರಿ. ಪಾಪನಿವೇದನೆಯ ಪೀಠದಲ್ಲಿ ನೋಡುವ ನಾಲ್ಕು ಮಂದಿ ಇಲ್ಲ. ನಿಮ್ಮ ಬಣ್ಣ ತೊಳೆಯಲು ಅದಕ್ಕಿಂತ ಒಳ್ಳೆಯ ಸ್ಥಳವಿಲ್ಲ.

ಕಲ್ವಾರಿ ಬೆಟ್ಟದಲ್ಲಿಯೂ ಜನ ನೆರೆದಿದ್ದರು. ಶಿಲುಬೆಯಿಂದ ಇಳಿದು ಬಂದರೆ ನಂಬುತ್ತೇವೆಂದು ಅವರು ಹೀಯಾಳಿಸಿದರು. ಆ ಜನರನ್ನು ಮೆಚ್ಚಿಸಲು ಒಂದೇ ಒಂದು ಅದ್ಭುತ ಸಾಕಾಗುತ್ತಿತ್ತು. ಪ್ರಭು ಇಳಿಯಲಿಲ್ಲ. ತಂದೆಯೊಬ್ಬನ ಕಣ್ಣೆದುರಿಗೆ, ತಂದೆಯೊಬ್ಬನ ಮೆಚ್ಚುಗೆಗಾಗಿ, ಅಲ್ಲಿಯೇ ಉಳಿದರು. ಅವರು ಅಂದು ನಾಲ್ಕು ಮಂದಿಯ ಮಾತು ಕೇಳಿ ಇಳಿದಿದ್ದರೆ ನಮ್ಮ ರಕ್ಷಣೆಯ ಗತಿಯೇನಾಗುತ್ತಿತ್ತು?